ಪಂಕ್ತಿಭೇದವಿಲ್ಲದ ಪ್ರಸಾದ



ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದ ಶಾಸನಗಳಲ್ಲಿ ಈ ಊರಿಗೆ ತೊಂಬಲೂರು ಎಂಬ ಹೆಸರಿದೆ, ದೇಸಿಮಾಣಿಕ್ಯಪಟ್ಟಣ ಎಂಬ ಇನ್ನೊಂದು ಹೆಸರೂ ಇದೆ. ಇಂದು ಮೇಲ್ಸೇತುವೆ, ಕಚೇರಿ, ಅಪಾರ್ಟ್‌ಮೆಂಟುಗಳ ನಡುವೆ ಕಳೆದುಹೋಗಿರುವ ಈ ಹಳೆಯ ಊರಿನಲ್ಲಿ 'ಪ್ರಸಾದ' ಎಂಬ ಮಾತನ್ನು ಯಾರಿಗೂ ವಿವರಿಸಬೇಕಾಗಿಲ್ಲ. ತಿಳಿತನ, ಪ್ರಸನ್ನತೆ, ಅನುಗ್ರಹ ಇವೆಲ್ಲವೂ ಆ ಪದದಲ್ಲಿವೆ. ಕನ್ನಡ ಕಥೋಲಿಕರು ಅದಕ್ಕೆ 'ಪರಮ' ಎಂದು ಸೇರಿಸಿ ಯೇಸುಸ್ವಾಮಿಯ ಶರೀರವನ್ನು ಪರಮ ಪ್ರಸಾದವೆಂದು ಕರೆದರು. ಸಂತ ಪೌಲರು ಇದೇ ಸಂಸ್ಕಾರವನ್ನು ಕುರಿತು ಬರೆಯುವಾಗ ಬಳಸಿದ ಗ್ರೀಕ್ ಪದ 'ಕೊಯಿನೊನಿಯ'. ಪಾಲುಗಾರಿಕೆ, ಅನ್ಯೋನ್ಯತೆ ಎಂದು ಅದರ ಅರ್ಥ. ಯಾರಿಂದ ಪಡೆಯುತ್ತೇವೆ ಎಂಬುದನ್ನು ನಮ್ಮ ಪದ ಹೇಳುತ್ತದೆ. ಯಾರೊಡನೆ ಪಡೆಯುತ್ತೇವೆ ಎಂಬುದನ್ನು ಪೌಲರ ಪದ ನೆನಪಿಸುತ್ತದೆ. ಈ ಎರಡನೆಯದನ್ನು ನಾವು ಮರೆಯುವುದೇ ಹೆಚ್ಚು.

ಅಯೋಗ್ಯವಾಗಿ ಈ ರೊಟ್ಟಿಯನ್ನು ಭುಜಿಸಬಾರದೆಂಬ ಪೌಲರ ಎಚ್ಚರಿಕೆ ನಮ್ಮೆಲ್ಲರಿಗೂ ಗೊತ್ತು. ಅದನ್ನು ಅವರು ಏಕೆ ಬರೆದರೆಂಬುದು ಅಷ್ಟಾಗಿ ಗೊತ್ತಿಲ್ಲ. ಕೊರಿಂಥದಲ್ಲಿ ಉಳ್ಳವರು ಮೊದಲೇ ಬಂದು ಉಂಡು ಕುಡಿದು ಮುಗಿಸುತ್ತಿದ್ದರು. ದಿನದ ದುಡಿಮೆ ಮುಗಿಸಿ ತಡವಾಗಿ ಬಂದವರಿಗೆ ಹಸಿವೇ ಉಳಿಯುತ್ತಿತ್ತು. ಪೌಲರ ಕೋಪವೆಲ್ಲ ಈ ಪಂಕ್ತಿಭೇದದ ಮೇಲೆ.

ನಮ್ಮ ನಾಡಿನಲ್ಲಿಯೂ ಇದು ದೂರದ ಕಥೆಯಲ್ಲ. ಪುದುಚೇರಿಯ ದೇವಾಲಯದೊಳಗೆ ಮೇಲ್ಜಾತಿಯ ಕ್ರೈಸ್ತರನ್ನೂ ದಲಿತ ಕ್ರೈಸ್ತರನ್ನೂ ಬೇರ್ಪಡಿಸುವ ಗೋಡೆಯೊಂದಿತ್ತು. 1745ರಲ್ಲಿ ದಲಿತ ಕ್ರೈಸ್ತರು ಅದರ ವಿರುದ್ಧ ಗುರುಗಳಲ್ಲಿ ದೂರಿಕೊಂಡು ಅದನ್ನು ಕೆಡವಿಸಿದ ಸಂಗತಿಯನ್ನು ಆನಂದ ರಂಗ ಪಿಳ್ಳೆ ತಮ್ಮ ದಿನಚರಿಯಲ್ಲಿ ದಾಖಲಿಸಿದ್ದಾರೆ. ಬೆಂಗಳೂರಿಗೂ ಪುದುಚೇರಿಗೂ ನಂಟು ಹತ್ತಿರದ್ದು. 1850ರಲ್ಲಿ ಮೈಸೂರು ಪ್ರತ್ಯೇಕ ಪ್ರೇಷಿತ ಕ್ಷೇತ್ರವಾಗುವ ಮುನ್ನ ಇಲ್ಲಿನ ಕಥೋಲಿಕರು ಪುದುಚೇರಿಯ ಫ್ರೆಂಚ್ ಗುರುಗಳ ಆಡಳಿತಕ್ಕೇ ಸೇರಿದ್ದರು. 1809ರಲ್ಲಿ ಬ್ರಿಟಿಷರ ದಂಡು ಇಲ್ಲಿ ನೆಲೆಯೂರಿದ ಮೇಲೆ ಅದರೊಡನೆ ತಮಿಳು ಸೀಮೆಯಿಂದ ಬಂದ ಅನೇಕ ಕ್ರೈಸ್ತ ಕುಟುಂಬಗಳು ಹಲಸೂರು, ಶಿವಾಜಿನಗರದ ಸುತ್ತ ಮನೆ ಮಾಡಿದವು. ಜನ ಊರು ಬಿಟ್ಟು ಬಂದರೂ ಜಾತಿಯನ್ನು ಅಷ್ಟು ಸುಲಭವಾಗಿ ಬಿಟ್ಟು ಬರುವುದಿಲ್ಲ.

ಪರಮ ಪ್ರಸಾದದ ಚರಿತ್ರೆಯಲ್ಲಿ ಇನ್ನೊಂದು ಗೋಡೆಯಿದೆ. ಅದು ಭಯದ ಗೋಡೆ. ಆದಿ ಕ್ರೈಸ್ತರು ಭಾನುವಾರದಂದು ಕೂಡಿದಾಗಲೆಲ್ಲ ಸ್ವೀಕರಿಸುತ್ತಿದ್ದ ಈ ಪ್ರಸಾದವನ್ನು ಶತಮಾನಗಳು ಉರುಳಿದಂತೆ ಜನ ದೂರದಿಂದ ನೋಡಿ ಕೈಮುಗಿದು ಹೋಗತೊಡಗಿದರು. ವರ್ಷಕ್ಕೊಮ್ಮೆಯಾದರೂ, ಪಾಸ್ಖ ಕಾಲದಲ್ಲಿ, ಸ್ವೀಕರಿಸಲೇಬೇಕೆಂದು 1215ರ ಲ್ಯಾಟರನ್ ಮಹಾಸಭೆ ಕಟ್ಟಳೆ ಮಾಡಬೇಕಾಯಿತು. ಪೂಜೆಯಲ್ಲಿ ಪಾಲ್ಗೊಳ್ಳುವವರು ಪ್ರತಿ ಪೂಜೆಯಲ್ಲೂ ಪ್ರಸಾದ ಸ್ವೀಕರಿಸಲಿ ಎಂದು 1562ರಲ್ಲಿ ತ್ರೆಂತ್ ಮಹಾಸಭೆ ಹಾರೈಸಿತು. ಆದರೂ ಫ್ರಾನ್ಸಿನಲ್ಲಿ ಜಾನ್ಸೆನಿಸಂ ಎಂಬ ಕಠೋರ ಪಂಥ ಬೆಳೆಯಿತು. ಆ ಪಂಥದ ಆಂಟ್ವಾನ್ ಅರ್ನೋ 1643ರಲ್ಲಿ ಅಡಿಗಡಿಗೆ ಪ್ರಸಾದ ಸ್ವೀಕರಿಸುವುದನ್ನು ಕುರಿತೇ ಒಂದು ಗ್ರಂಥ ಬರೆದು, ದೀರ್ಘ ಪ್ರಾಯಶ್ಚಿತ್ತವಿಲ್ಲದೆ ಹತ್ತಿರ ಸುಳಿಯಬಾರದೆಂಬ ಮನೋಭಾವವನ್ನು ಬಿತ್ತಿದರು. ಪ್ರಸಾದ ಪುಣ್ಯವಂತರಿಗೆ ಸಿಗುವ ಬಹುಮಾನ ಎಂಬ ಭಾವನೆ ಉಳಿದುಬಿಟ್ಟಿತು.

ಈ ಗೋಡೆಯನ್ನು ಒಡೆದವರು ಜಗದ್ಗುರು ಹತ್ತನೇ ಪಿಯುಸ್. 1905ರ ಡಿಸೆಂಬರ್ 20ರ ಆಜ್ಞೆಯಲ್ಲಿ ಅವರು ಕೇಳಿದ್ದು ಎರಡೇ: ಘೋರ ಪಾಪವಿಲ್ಲದ ಸ್ಥಿತಿ ಮತ್ತು ಸರಿಯಾದ ಉದ್ದೇಶ. ರೂಢಿಗಾಗಿಯೋ ಪ್ರತಿಷ್ಠೆಗಾಗಿಯೋ ಬರಬೇಡಿ, ದೇವರನ್ನು ಮೆಚ್ಚಿಸಲು ಬನ್ನಿ, ದಿನವೂ ಬನ್ನಿ ಎಂಬುದು ಅದರ ಸಾರ. 1910ರ ಆಗಸ್ಟ್ 8ರಂದು ಅವರು ಮಕ್ಕಳಿಗೂ ಬಾಗಿಲು ತೆರೆದರು. ಅದುವರೆಗೆ ಹಲವೆಡೆ ಹತ್ತು, ಹನ್ನೆರಡು, ಹದಿನಾಲ್ಕು ವರ್ಷದವರೆಗೂ ಕಾಯಬೇಕಿತ್ತು. ಸಾಮಾನ್ಯ ರೊಟ್ಟಿಗೂ ಈ ರೊಟ್ಟಿಗೂ ಇರುವ ವ್ಯತ್ಯಾಸ ತಿಳಿದರೆ ಸಾಕು, ಸುಮಾರು ಏಳು ವರ್ಷಕ್ಕೇ ಕೊಡಬಹುದೆಂದರು. ಇಂದು ಪ್ರಥಮ ಪರಮ ಪ್ರಸಾದದ ದಿನ ಬಿಳಿ ಉಡುಪು, ಮೇಣದಬತ್ತಿ ಹಿಡಿದು ಬರುವ ನಿಮ್ಮ ಮನೆಯ ಮಗು ಆ ಆಜ್ಞೆಗೆ ಋಣಿ. (ಛತ್ರ, ಕೇಕು, ಫೋಟೋಗಳ ಖರ್ಚಿಗೆ ಜಗದ್ಗುರುಗಳು ಹೊಣೆಯಲ್ಲ!)

ಉಪವಾಸದ ನಿಯಮವೂ ಒಂದು ಅಡ್ಡಿಯಾಗಿತ್ತು. 1953ರವರೆಗೆ ಮಧ್ಯರಾತ್ರಿಯಿಂದ ಒಂದು ಗುಟುಕು ನೀರೂ ಕುಡಿಯುವಂತಿರಲಿಲ್ಲ. ದೊಮ್ಮಲೂರಿಗೆ ಅನತಿ ದೂರದಲ್ಲಿ 1940ರಲ್ಲಿ ವಿಮಾನ ಕಾರ್ಖಾನೆ ಆರಂಭವಾಯಿತು. ಅಂಥ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ, ಒಂದು ಲೋಟ ಚಹಾ ಕುಡಿದು ಬೆಳಗಿನ ಪೂಜೆಗೆ ಬಂದವನು ಪ್ರಸಾದವಿಲ್ಲದೆ ಮರಳಬೇಕಿತ್ತು. ಜಗದ್ಗುರು ಹನ್ನೆರಡನೇ ಪಿಯುಸ್ 1953ರ ಜನವರಿಯಲ್ಲಿ ನಿಯಮ ಸಡಿಲಿಸುವಾಗ ರಾತ್ರಿ ದುಡಿಯುವವರನ್ನೂ ಮನೆಗೆಲಸದಲ್ಲಿ ಮುಳುಗಿದ ತಾಯಂದಿರನ್ನೂ ನೆನೆದರು. ಸಂಜೆಯ ಪೂಜೆಗೂ ಅವಕಾಶ ಕೊಟ್ಟರು. 1964ರಲ್ಲಿ ಆರನೇ ಪೌಲರು ಉಪವಾಸವನ್ನು ಒಂದೇ ಗಂಟೆಗೆ ಇಳಿಸಿದರು. ನೀರು, ಔಷಧಗಳಿಂದ ಉಪವಾಸ ಭಂಗವಾಗುವುದಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದೆನೆಂದು ಬೆಂಚಿನಲ್ಲೇ ಕುಳಿತುಬಿಡುವ ಅಜ್ಜಿಯರನ್ನು ನಾನು ಈಗಲೂ ಕಾಣುತ್ತೇನೆ. ದಯವಿಟ್ಟು ಅವರಿಗೆ ಇದನ್ನು ಓದಿ ಹೇಳಿ.

ನಮ್ಮ ಕಾಲದ ತೊಂದರೆ ಬೇರೆ. ಭಯ ಹೋಯಿತು, ಅದರೊಡನೆ ಎಚ್ಚರವೂ ಹೋಯಿತೇನೋ. ಮುಂದಿನ ಸಾಲಿನವರು ಎದ್ದರೆಂದು ನಾವೂ ಏಳುತ್ತೇವೆ. ಘೋರ ಪಾಪದ ಅರಿವಿದ್ದರೆ ಮೊದಲು ಪಾಪನಿವೇದನೆ ಎಂಬ ನಿಯಮ ಇಂದಿಗೂ ಇದೆ. 'ಕ್ರಿಸ್ತರ ಶರೀರ' ಎಂದಾಗ 'ಆಮೆನ್' ಎನ್ನುವುದು ವಿಶ್ವಾಸದ ಸಾಕ್ಷಿ. ಅದೇ ಸಾಲಿನಲ್ಲಿ ಹಿಂದೆ ನಿಂತವರು ನಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರರಾಗಿರಬಹುದು, ಪಾತ್ರೆ ತೊಳೆಯುವ ಅಕ್ಕ ಆಗಿರಬಹುದು. ಆ ಅಕ್ಕನಿಗೆ ಮನೆಯಲ್ಲಿ ಬೇರೆ ಲೋಟ ಇಟ್ಟು, ದೇವಾಲಯದಲ್ಲಿ ಒಂದೇ ಪಾತ್ರೆಯಿಂದ ಪ್ರಸಾದ ಪಡೆಯುವವರಿಗೆ ಪೌಲರ ಪತ್ರ ನೇರವಾಗಿ ತಾಗುತ್ತದೆ.

ಕೊನೆಯದಾಗಿ ಒಂದು ಮಾತು. ಮರಣಾವಸ್ಥೆಯಲ್ಲಿರುವವರಿಗೆ ಪರಮ ಪ್ರಸಾದವನ್ನು ನಿರಾಕರಿಸಬಾರದೆಂದು 325ರ ನೈಸಿಯಾ ಮಹಾಸಭೆಯೇ ವಿಧಿಸಿತ್ತು. ಲ್ಯಾಟಿನಿನಲ್ಲಿ ಅದಕ್ಕೆ 'ವಿಯಾತಿಕುಂ' ಎಂದು ಹೆಸರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ದಾರಿಬುತ್ತಿ. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದರೆ ಅಂತಿಮ ಗಳಿಗೆಯವರೆಗೆ ಕಾಯದೆ, ಅವರು ಇನ್ನೂ ನುಂಗಬಲ್ಲವರಾಗಿ, 'ಆಮೆನ್' ಎನ್ನಬಲ್ಲವರಾಗಿ ಇರುವಾಗಲೇ ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ತಿಳಿಸಿರಿ.