ಉಸಿರಾಟದ ಸ್ನಾಯು ಮತ್ತು ಮೂಳೆಗಳು

ಗಾಳಿಯನ್ನು ಶ್ವಾಸಕೋಶಕ್ಕೆ ಎಳೆದುಕೊಂಡು ಹೊರಬಿಡುವ ಕೆಲಸದಲ್ಲಿ ತೊಡಗುವ ಎದೆಗೂಡಿನ ಮೂಳೆಗಳು, ಮೃದ್ವಸ್ಥಿಗಳು ಮತ್ತು ಅವನ್ನು ಚಲಿಸುವಂತೆ ಮಾಡುವ ಸ್ನಾಯುಗಳ ವ್ಯವಸ್ಥೆ. ಶ್ವಾಸಕೋಶ ತಾನಾಗಿ ಹಿಗ್ಗಲಾರದು. ಶ್ವಾಸನಾಳಗಳ ಗೋಡೆಯಲ್ಲಿರುವ ಅನೈಚ್ಛಿಕ ಸ್ನಾಯು ನಾಳದ ಅಗಲವನ್ನು ಹೆಚ್ಚುಕಡಿಮೆ ಮಾಡುತ್ತದೆಯೇ ಹೊರತು ಗಾಳಿಯನ್ನು ಎಳೆಯುವುದಿಲ್ಲ. ಸುತ್ತಲಿನ ಎದೆಗೂಡು ಹಿಗ್ಗಿದಾಗ ಶ್ವಾಸಕೋಶವೂ ಹಿಗ್ಗಿ, ಒಳಗಿನ ಒತ್ತಡ ಇಳಿದು, ಹೊರಗಿನ ಗಾಳಿ ನುಗ್ಗುತ್ತದೆ.

ಎದೆಗೂಡು: ಹಿಂದೆ ಬೆನ್ನೆಲುಬಿನ 12 ಕಶೇರುಮಣಿಗಳು, ಮುಂದೆ ಎದೆಮೂಳೆ, ಇವೆರಡನ್ನೂ ಬಳಸಿದಂತೆ 12 ಜೊತೆ ಪಕ್ಕೆಲುಬುಗಳು. ಮೇಲಿನ 7 ಜೊತೆ ತಂತಮ್ಮ ಮೃದ್ವಸ್ಥಿಯ ಮೂಲಕ ನೇರವಾಗಿ ಎದೆಮೂಳೆಗೆ ಸೇರುತ್ತವೆ. 8ರಿಂದ 10ನೆಯವು ಸಾಮಾನ್ಯವಾಗಿ ತಮ್ಮ ಮೇಲಿನ ಪಕ್ಕೆಲುಬಿನ ಮೃದ್ವಸ್ಥಿಗೆ ಅಂಟಿಕೊಂಡಿರುತ್ತವೆ. ಕೊನೆಯ ಎರಡು ಜೊತೆಗಳ ಮುಂತುದಿ ಯಾವ ಮೂಳೆಗೂ ಸೇರದೆ ಬಿಡಿಯಾಗಿರುತ್ತದೆ. ಪಕ್ಕೆಲುಬುಗಳು ಬೆನ್ನಿನಿಂದ ಮುಂದಕ್ಕೆ ಬರುತ್ತ ಕೆಳಮುಖವಾಗಿ ಇಳಿಯುತ್ತವೆ. ಎದೆಗೂಡು ಹಿಗ್ಗಲು ಈ ಇಳಿಜಾರೇ ಕಾರಣ. ಮೇಲಿನ ಪಕ್ಕೆಲುಬುಗಳು ಎದ್ದಾಗ ಎದೆಮೂಳೆ ಮೇಲಕ್ಕೂ ಮುಂದಕ್ಕೂ ಸರಿಯುತ್ತದೆ. ಕೆಳಗಿನವು, ಜೋತುಬಿದ್ದ ಬಕೆಟ್ಟಿನ ಹಿಡಿಯನ್ನು ಎತ್ತಿದಂತೆ, ಎರಡೂ ಪಕ್ಕಕ್ಕೆ ಅಗಲುತ್ತವೆ. ಎಳೆಗೂಸಿನ ಪಕ್ಕೆಲುಬುಗಳು ಹೆಚ್ಚುಕಡಿಮೆ ಅಡ್ಡಡ್ಡಲಾಗಿರುವುದರಿಂದ ಅವನ್ನು ಎತ್ತಿ ಸಿಗುವ ಜಾಗ ಕಡಿಮೆ. ಮಗು ಉಸಿರಾಡುವಾಗ ಎದೆಗಿಂತ ಹೊಟ್ಟೆ ಹೆಚ್ಚು ಏರಿಳಿಯುವುದು ಇದರಿಂದಲೇ.

ವಪೆ: ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ಗುಮ್ಮಟದಾಕಾರದ ಸ್ನಾಯು, ಉಸಿರಾಟದ ಮುಖ್ಯ ಸ್ನಾಯುವೂ ಇದೇ. ಎದೆಮೂಳೆಯ ಕೆಳತುದಿ, ಕೆಳಗಿನ 6 ಜೊತೆ ಪಕ್ಕೆಲುಬು ಮತ್ತು ಸೊಂಟದ ಮೇಲ್ಭಾಗದ ಕಶೇರುಮಣಿಗಳಿಂದ ಹೊರಡುವ ಇದರ ಎಳೆಗಳು ನಡುವಿನ ಗಟ್ಟಿ ಪಟ್ಟಿಯಲ್ಲಿ ಸೇರುತ್ತವೆ. ಸಂಕುಚಿಸಿದಾಗ ಗುಮ್ಮಟ ಕೆಳಗಿಳಿದು ಎದೆಯ ಎತ್ತರ ಹೆಚ್ಚುತ್ತದೆ, ಹೊಟ್ಟೆ ಮುಂದಕ್ಕೆ ಬರುತ್ತದೆ. ಸಾಮಾನ್ಯ ಉಸಿರಿನಲ್ಲಿ ಇದು ಸುಮಾರು 1–2 ಸೆಂ.ಮೀ., ಆಳವಾದ ಉಸಿರಿನಲ್ಲಿ 10 ಸೆಂ.ಮೀ.ವರೆಗೂ ಇಳಿಯಬಲ್ಲದು.

ಉಚ್ಛ್ವಾಸ ಮತ್ತು ನಿಶ್ವಾಸ: ವಪೆ ಇಳಿಯುವಾಗಲೇ ಪಕ್ಕೆಲುಬುಗಳ ನಡುವಣ ಹೊರಪದರದ ಸ್ನಾಯುಗಳು ಎದೆಗೂಡನ್ನು ಎತ್ತುತ್ತವೆ. ಎದೆಗೋಡೆಗೂ ಶ್ವಾಸಕೋಶಕ್ಕೂ ಅಂಟಿರುವ ಪ್ಲೂರಾ ಪೊರೆಯ ಎರಡು ಪದರಗಳನ್ನು ತೆಳ್ಳನೆಯ ದ್ರವ ಒಂದಕ್ಕೊಂದು ಹಿಡಿದಿಡುವುದರಿಂದ ಗೋಡೆಯ ಜೊತೆಗೆ ಶ್ವಾಸಕೋಶವೂ ಹಿಗ್ಗುತ್ತದೆ. ಒಳಗಿನ ಒತ್ತಡ ಹೊರಗಿನದಕ್ಕಿಂತ ಪಾದರಸದ ಸುಮಾರು 1 ಮಿ.ಮೀ. ಕಡಿಮೆಯಾದರೆ ಸಾಕು, ವಯಸ್ಕರಲ್ಲಿ ಸುಮಾರು 500 ಮಿ.ಲೀ. ಗಾಳಿ ಒಳಬರುತ್ತದೆ. ವಿಶ್ರಾಂತಿಯಲ್ಲಿದ್ದಾಗ ನಿಶ್ವಾಸಕ್ಕೆ ಸ್ನಾಯುಗಳ ದುಡಿಮೆ ಬೇಕಿಲ್ಲ. ಅವು ಸಡಿಲವಾದೊಡನೆ ಹಿಗ್ಗಿದ ಶ್ವಾಸಕೋಶ ತನ್ನ ಸ್ಥಿತಿಸ್ಥಾಪಕತೆಯಿಂದಲೇ ಕುಗ್ಗಿ ಗಾಳಿಯನ್ನು ಹೊರಹಾಕುತ್ತದೆ.

ಓಡುವಾಗ, ಏದುಸಿರು ಬಿಡುವಾಗ ಕತ್ತಿನ ಸ್ನಾಯುಗಳೂ ಎದೆಮೂಳೆ ಮತ್ತು ಮೇಲಿನ ಪಕ್ಕೆಲುಬುಗಳನ್ನು ಎತ್ತಲು ಕೂಡಿಕೊಳ್ಳುತ್ತವೆ. ಆಗ ನಿಶ್ವಾಸವೂ ದುಡಿಮೆಯೇ: ಹೊಟ್ಟೆಯ ಸ್ನಾಯುಗಳು ಬಿಗಿದು ವಪೆಯನ್ನು ಮೇಲಕ್ಕೆ ತಳ್ಳುತ್ತವೆ, ಪಕ್ಕೆಲುಬುಗಳ ನಡುವಣ ಒಳಪದರದ ಸ್ನಾಯುಗಳು ಎದೆಗೂಡನ್ನು ಕೆಳಗೆಳೆಯುತ್ತವೆ. ಕೆಮ್ಮು, ಸೀನು, ಏರುದನಿಯ ಹಾಡುಗಾರಿಕೆ ಎಲ್ಲಕ್ಕೂ ಈ ಸ್ನಾಯುಗಳು ಬೇಕು.

ನಿಯಂತ್ರಣ ಮತ್ತು ತೊಂದರೆಗಳು: ಉಸಿರಿನ ಲಯ ಮಿದುಳಿನ ಕೆಳಭಾಗದ ಮೆಡುಲ್ಲಾದಲ್ಲಿ ಹುಟ್ಟುತ್ತದೆ. ವಪೆಗೆ ಆಜ್ಞೆ ಒಯ್ಯುವ ಫ್ರೆನಿಕ್ ನರ ಕತ್ತಿನ 3, 4 ಮತ್ತು 5ನೆಯ ನರಬೇರುಗಳಿಂದ ಹೊರಡುತ್ತದೆ. ಇದಕ್ಕಿಂತ ಮೇಲೆ ಬೆನ್ನುಹುರಿ ಪೂರ್ತಿ ತುಂಡಾದರೆ ಸ್ವಂತ ಉಸಿರಾಟ ನಿಲ್ಲುತ್ತದೆ. ಕೆಳಗೆ ತುಂಡಾದರೆ ಕೈಕಾಲು ಸ್ವಾಧೀನ ತಪ್ಪಿದರೂ ವಪೆ ಕೆಲಸ ಮುಂದುವರಿಸಬಲ್ಲದು. ಪ್ಲೂರಾ ಪದರಗಳ ನಡುವೆ ಗಾಳಿ ಸೇರಿದರೆ ಹಿಡಿತ ಬಿಟ್ಟುಹೋಗಿ ಶ್ವಾಸಕೋಶ ಕುಸಿಯುತ್ತದೆ. ಬೆನ್ನೆಲುಬು ತೀವ್ರವಾಗಿ ಬಾಗಿದವರಲ್ಲಿ ಪಕ್ಕೆಲುಬುಗಳ ಚಲನೆ ಕುಂಠಿತವಾಗುತ್ತದೆ.

ಇತಿಹಾಸ: ಎದೆ ಹಿಗ್ಗುವುದರಿಂದಲೇ ಗಾಳಿ ಶ್ವಾಸಕೋಶಕ್ಕೆ ನುಗ್ಗುತ್ತದೆಂದು ಇಂಗ್ಲೆಂಡಿನ ಜಾನ್ ಮೇಯೋ 17ನೆಯ ಶತಮಾನದಲ್ಲಿ ವಿವರಿಸಿದ. 1928ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಮೊದಲು ಬಳಕೆಗೆ ಬಂದ, ಫಿಲಿಪ್ ಡ್ರಿಂಕರ್ ಮತ್ತು ಲೂಯಿ ಶಾ ರೂಪಿಸಿದ ‘ಕಬ್ಬಿಣದ ಶ್ವಾಸಕೋಶ’ ಇದೇ ತತ್ತ್ವವನ್ನು ಅನುಸರಿಸಿತು: ಪೋಲಿಯೊದಿಂದ ಸ್ನಾಯು ಸೋತ ರೋಗಿಯ ದೇಹದ ಸುತ್ತ ಒತ್ತಡ ಇಳಿಸಿ ಎದೆ ಹಿಗ್ಗುವಂತೆ ಮಾಡುತ್ತಿತ್ತು. 1952ರ ಕೋಪನ್‌ಹೇಗನ್ ಪೋಲಿಯೊ ಪಿಡುಗಿನ ನಂತರ ಗಾಳಿಯನ್ನು ಶ್ವಾಸನಾಳದ ಮೂಲಕ ಒಳಕ್ಕೆ ತಳ್ಳುವ ವಿಧಾನ ಅದರ ಸ್ಥಾನಕ್ಕೆ ಬಂದಿತು. ಇಂದಿನ ವೆಂಟಿಲೇಟರುಗಳು ಬಹುಪಾಲು ಹೀಗೆ, ದೇಹದ ಸಹಜ ಕ್ರಮಕ್ಕೆ ತಿರುವುಮುರುವಾಗಿ, ಕೆಲಸ ಮಾಡುತ್ತವೆ.