ಶಹಾಬಾದ್ ಸ್ಟೇಷನ್ ದಾಟಿ ಹೋದ ಕ್ಲೋರೋಫಾರ್ಮ್ ಲೆಕ್ಕ

1/4
ಫೋಟೋದಾಗ ಇರೋದು ನಮ್ಮ ಸ್ಟೇಷನ್ನೇ. ಹಾಸುಗಲ್ಲು, ಸಿಮೆಂಟ್ ಕಥಿ ಬಹಳ ಆತು ದೋಸ್ತರೇ, ಇವತ್ತು ಔಷಧದ ಇತಿಹಾಸ.

1889ರಲ್ಲಿ ಲಂಡನ್ನಿನ ವೈದ್ಯ ಲಾಡರ್ ಬ್ರಂಟನ್ ಹೈದರಾಬಾದಿಗೆ ಬಂದರು. ಖರ್ಚಿಗೆ ನಿಜಾಮ ಸರ್ಕಾರ 1,000 ಪೌಂಡ್ ಕೊಟ್ಟಿತ್ತು. ವಾಡಿ–ಸಿಕಂದರಾಬಾದ್ ಲೈನು 1874ರಲ್ಲೇ ಆಗಿತ್ತು, ಮುಂಬೈಯಿಂದ ಬರೋರಿಗೆ ಅದೇ ದಾರಿ. ಅಂದ್ರ ನಮ್ಮೂರು ದಾಟಿಯೇ ಹೋಗಿರಬೇಕು. ಆಗ ನಾವೂ ನಿಜಾಮನ ಸೀಮೆಯವರೇ ಅಲ್ಲಾ.

2/4
ಬಂದದ್ದು ಯಾಕ? 1848ರಲ್ಲಿ ಇಂಗ್ಲೆಂಡಿನ ಹಾನಾ ಗ್ರೀನರ್ ಎಂಬ 15 ವರ್ಷದ ಹುಡುಗಿ, ಕಾಲಿನ ಉಗುರು ತೆಗೆಸಲು ಹೋಗಿ ಕ್ಲೋರೋಫಾರ್ಮ್ ಕೊಟ್ಟಾಗ ಸತ್ತಳು. ಆಮೇಲೆ ಇನ್ನೂ ಸಾವು. ಮೊದಲು ಉಸಿರು ನಿಲ್ಲುತ್ತದೋ, ಹೃದಯವೋ? ಹೈದರಾಬಾದಿನ ಸರ್ಜನ್ ಎಡ್ವರ್ಡ್ ಲಾರಿ, ‘ಉಸಿರೇ, ಅದನ್ನ ನೋಡಿಕೊಂಡರೆ ಸಾಕು’ ಅಂತ ಹಟ ಹಿಡಿದಿದ್ದರು. 1888ರಲ್ಲಿ ಒಂದು ಆಯೋಗ, 1889ರಲ್ಲಿ ಇನ್ನೊಂದು. ನೂರಾರು ನಾಯಿ, ಮಂಗಗಳ ಮೇಲೆ ಪ್ರಯೋಗ. (ಈ ಕೆಲಸದಾಗ ರೂಪಾಬಾಯಿ ಫುರ್ದೂನ್‌ಜಿ ಎಂಬ ವೈದ್ಯೆಯೂ ಇದ್ದರು. ಅವರ ಮೇಲೆ ಬ್ಯಾರೆ ಸೀರೀಸೇ ಮಾಡಬೇಕು!) ತೀರ್ಪು ಲಾರಿ ಪರವಾಗಿಯೇ ಬಂತು.

ತಪ್ಪು ತೀರ್ಪು. ಕ್ಲೋರೋಫಾರ್ಮ್ ಹೃದಯದ ಬಡಿತವನ್ನೇ ಕೆಡಿಸಬಲ್ಲದು ಅಂತ 1911ರಲ್ಲಿ ಗುಡ್‌ಮನ್ ಲೆವಿ ತೋರಿಸಿದರು.

3/4
ನನಗೆ ಇದಕ್ಕಿಂತ ದೊಡ್ಡದು ಅನ್ನಿಸಿದ್ದು ‘ಲ್ಯಾನ್ಸೆಟ್’ ಪತ್ರಿಕೆ ಮಾಡಿದ ಕೆಲಸ. ನಾಯಿ ಬಿಟ್ಟು ಮನುಷ್ಯರ ಕಡೆ ತಿರುಗಿತು: ಎಲ್ಲಿ, ಯಾರಿಗೆ ಏನಾಯಿತು ಬರೆದು ಕಳಿಸ್ರಿ ಅಂತ ವೈದ್ಯರನ್ನ ಕೇಳಿತು. 1893ರಲ್ಲಿ ವರದಿ ಅಚ್ಚಾಯಿತು. ಇವತ್ತಿನ ಅಡ್ಡಪರಿಣಾಮದ ವರದಿಗಳ ಅಜ್ಜ ಇದು.

ಆದರ ಒಂದು ತೊಡಕು. ಸತ್ತವರ ಎಣಿಕಿ ಬರ್ತದ, ಒಟ್ಟು ಎಷ್ಟು ಮಂದಿ ಔಷಧ ತಗೊಂಡರು ಅನ್ನೋದು ಬರಂಗಿಲ್ಲ. ಕೆಳಗಿನ ಅಂಕಿ ಇಲ್ಲದ ಶೇಕಡಾ! ಬಿಕಾಂನವರಿಗೆ ಕೈ ಕಾಲು ಆಡಂಗಿಲ್ಲ.

ದಾರಿ ಏನಂದ್ರ, ವರದಿಗಳನ್ನ ವರದಿಗಳ ಜೊತೆಗೇ ಹೋಲಿಸೋದು. ಲೆಕ್ಕಕ್ಕೆ ಅನ್ಕೊಳ್ರಿ: ಒಂದು ಗುಳಿಗೆ ಬಗ್ಗೆ 200 ವರದಿ, ಅದರಾಗ 10 ಗಂದೆಯದು, ಅಂದ್ರ 5%. ಉಳಿದೆಲ್ಲ ಔಷಧಗಳ 10,000ದಾಗ 100, ಅಂದ್ರ 1%. ಅನುಪಾತ 5. 2001ರಲ್ಲಿ ಎವನ್ಸ್ ಮತ್ತು ಜೊತೆಗಾರರು ಇಟ್ಟ ಅಳತೆ: ಅನುಪಾತ 2, ಕೈ-ಸ್ಕ್ವೇರ್ 4, ಪ್ರಕರಣ 3, ಮೂರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚಿದ್ದರೆ ಎಚ್ಚರಿಕೆ ಗಂಟೆ. ಗಂಟೆ ಅಷ್ಟೇ, ಸಾಕ್ಷಿ ಅಲ್ಲ. ಆಮೇಲೆ ವೈದ್ಯರು ಒಂದೊಂದು ಪ್ರಕರಣ ಬಿಡಿಸಿ ನೋಡಬೇಕು.

4/4
ನಮ್ಮ ದೇಶದ ಈಗಿನ ಕಾರ್ಯಕ್ರಮ ಶುರುವಾದದ್ದು 2010ರಲ್ಲಿ. ವರದಿಗಳು ಗಾಜಿಯಾಬಾದಿಗೆ ಹೋಗ್ತಾವ. ಹೋದರೆ.

ಹೋದ ವರ್ಷ ನಮ್ಮಜ್ಜಿಗೆ ಹೊಸ ಗುಳಿಗೆ ನುಂಗಿದ ಮೂರನೇ ದಿನ ಮೈತುಂಬ ಗಂದೆ. ‘ಗುಳಿಗೆ ನನಗೆ ಒಗ್ಗಲಿಲ್ಲ ಬಿಡವ್ವಾ’ ಅಂತ ಅಕಿ ಡಬ್ಬಿ ಎತ್ತಿ ಒಗೆದಳು. ನಾವು ಯಾರಿಗೂ ಹೇಳಲಿಲ್ಲ, ಎಲ್ಲೂ ಬರೀಲಿಲ್ಲ. ಆ ಲೆಕ್ಕದ ಮೇಲಿನ ಅಂಕಿಯಲ್ಲಿ ಅಕಿ ಇಲ್ಲ.

ರೋಗಿಗಳೂ ಮನಿಯವರೂ ತಾವೇ ಹೇಳಬಹುದು ಅನ್ನೋದು ನನಗ ಈಗ ಗೊತ್ತಾತು. ಟೋಲ್ ಫ್ರೀ: 1800-180-3024. ಸೇವ್ ಮಾಡ್ಕೊಳ್ರಿ.