ನಾಲ್ಕು ಕಾಗದಗಳು: ಕುಟುಂಬ ನ್ಯಾಯದ ಚರಿತ್ರೆಯಲ್ಲಿ ಧರ್ಮಸಭೆ ಮತ್ತು ನಾಡಿನ ಸಂಸ್ಥೆಗಳು

ಕೆಲವು ವರ್ಷಗಳ ಹಿಂದೆ ಗೋಕಾಕ ತಾಲೂಕಿನ ಕೊಣ್ಣೂರದ ಕಡೆಯಿಂದ ಮಹಿಳೆಯೊಬ್ಬರು ನಮ್ಮ ಬಳಿಗೆ ಬಂದರು. ಅವರ ಕೈಚೀಲದಲ್ಲಿ ನಾಲ್ಕು ಕಾಗದಗಳಿದ್ದವು: ಪೊಲೀಸ್ ಠಾಣೆ ಕೊಟ್ಟ ಸ್ವೀಕೃತಿ, ವಕೀಲರ ನೋಟೀಸು, ಆಪ್ತಸಮಾಲೋಚನೆಯ ಚೀಟಿ ಮತ್ತು ಅವರ ವಿವಾಹವು ಆದಿಯಿಂದಲೇ ಅನೂರ್ಜಿತವೆಂದು ಸಾರಿದ ಧರ್ಮಸಭಾ ನ್ಯಾಯಮಂಡಳಿಯ ತೀರ್ಪು. ನಾಲ್ಕು ಕಡೆಯೂ ಅವರು ತಮ್ಮ ಕಥೆಯನ್ನು ಮೊದಲಿನಿಂದ ಹೇಳಿದ್ದರು. ಒಂದು ಕಡೆಯ ವಿಷಯ ಮತ್ತೊಂದು ಕಡೆಗೆ ತಿಳಿದಿರಲಿಲ್ಲ. ಮಗುವಿನ ಜೀವನಾಂಶದ ಪ್ರಶ್ನೆಯನ್ನು ಯಾರೂ ಎತ್ತಿರಲಿಲ್ಲ. ಅದು ಇನ್ನೊಬ್ಬರ ಕೆಲಸವೆಂದು ಪ್ರತಿಯೊಬ್ಬರೂ ಭಾವಿಸಿದ್ದರು. ಧರ್ಮಸಭೆಯ ತೀರ್ಪು ಕೈಗೆ ಬಂದಮೇಲೆ ಸರ್ಕಾರದ ಕಣ್ಣಿನಲ್ಲಿಯೂ ತಮ್ಮ ವಿವಾಹ ಮುಗಿಯಿತೆಂದು ಆ ತಾಯಿ ನಂಬಿದ್ದರು. ಹಾಗಲ್ಲವೆಂದು ಅವರಿಗೆ ತಿಳಿಸಿದವರೂ ಇರಲಿಲ್ಲ.

ಈ ನಾಲ್ಕು ಕಾಗದಗಳು ಒಂದನ್ನೊಂದು ಅರಿಯದಂತಾದುದು ಹೇಗೆ? ಇದಕ್ಕೆ ವ್ಯಕ್ತಿಗಳ ಉದಾಸೀನವೊಂದೇ ಕಾರಣವಲ್ಲ, ಇದರ ಹಿಂದೆ ಒಂದು ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ನಮ್ಮ ಪಾಲೂ ಇದೆ ಎಂಬುದನ್ನು ಗುರುವಿದ್ಯಾರ್ಥಿಗಳ ಮತ್ತು ಸಹಗುರುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಕುಟುಂಬದ ಕಲಹವನ್ನು ತನ್ನೊಳಗೇ ಬಗೆಹರಿಸಿಕೊಳ್ಳುವ ಹಂಬಲ ಧರ್ಮಸಭೆಗೆ ಹಳೆಯದು. ವಿಶ್ವಾಸಿಗಳು ತಮ್ಮತಮ್ಮ ವ್ಯಾಜ್ಯಗಳನ್ನು ಹೊರಗಿನ ನ್ಯಾಯಸ್ಥಾನಕ್ಕೆ ಒಯ್ಯುವುದನ್ನು ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಆರನೆಯ ಅಧ್ಯಾಯದಲ್ಲಿ ಆಕ್ಷೇಪಿಸಿದ್ದಾರೆ. ನಾಲ್ಕನೆಯ ಶತಮಾನದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನು ಧರ್ಮಾಧ್ಯಕ್ಷರ ನ್ಯಾಯಪೀಠಕ್ಕೆ ರಾಜಮಾನ್ಯತೆಯನ್ನು ಕೊಟ್ಟನು. 1563ರಲ್ಲಿ ಟ್ರೆಂಟ್ ಮಹಾಸಭೆಯು ಧರ್ಮಕೇಂದ್ರದ ಗುರುಗಳ ಮತ್ತು ಸಾಕ್ಷಿಗಳ ಸಮ್ಮುಖದಲ್ಲಿಯೇ ವಿವಾಹ ನಡೆಯಬೇಕೆಂದೂ ಅದನ್ನು ದಾಖಲೆಪುಸ್ತಕದಲ್ಲಿ ಬರೆದಿಡಬೇಕೆಂದೂ ವಿಧಿಸಿತು. ಆದರೆ ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯ ಇನ್ನೊಂದು ಮಾದರಿಯನ್ನು ತೋರಿಸುತ್ತದೆ. ದಿನನಿತ್ಯದ ಹಂಚಿಕೆಯಲ್ಲಿ ಕೆಲವು ವಿಧವೆಯರು ಕಡೆಗಣಿಸಲ್ಪಟ್ಟಾಗ, ಎಲ್ಲವನ್ನೂ ತಾವೇ ಮಾಡಲಾರೆವೆಂದು ಪ್ರೇಷಿತರು ಒಪ್ಪಿಕೊಂಡು ಆ ಕೆಲಸವನ್ನು ಏಳು ಜನರಿಗೆ ಒಪ್ಪಿಸಿದರು. ನಾವು ಮೊದಲನೆಯ ಪಾಠವನ್ನು ಚೆನ್ನಾಗಿ ನೆನಪಿಟ್ಟುಕೊಂಡು ಎರಡನೆಯದನ್ನು ಮರೆತಂತೆ ಕಾಣುತ್ತದೆ.

ನಮ್ಮ ನಾಡಿಗೆ ಬರೋಣ. 1885ರಲ್ಲಿ ಸ್ಥಾಪನೆಯಾದ ಗೋಕಾಕ ಗಿರಣಿ ಘಟಪ್ರಭೆಯ ಜಲಪಾತದ ಬಳಿ ಕೆಲಸಗಾರರ ಹೊಸ ಬದುಕೊಂದನ್ನು ಕಟ್ಟುವ ಹೊತ್ತಿಗೆ, ಕ್ರೈಸ್ತ ಕುಟುಂಬಗಳಿಗೆ ಸಂಬಂಧಿಸಿದ ಎರಡು ಕಾನೂನುಗಳು ಆಗಲೇ ಜಾರಿಯಲ್ಲಿದ್ದವು. 1869ರ ಭಾರತೀಯ ವಿಚ್ಛೇದನ ಕಾಯಿದೆಯ ಪ್ರಕಾರ ಪತಿಗೆ ಪತ್ನಿಯ ವ್ಯಭಿಚಾರವೊಂದೇ ಸಾಕಾಗಿತ್ತು. ಪತ್ನಿಯಾದರೋ ಪತಿಯ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಸಾಬೀತುಪಡಿಸಬೇಕಿತ್ತು. ಜಿಲ್ಲಾ ನ್ಯಾಯಾಲಯದ ವಿಚ್ಛೇದನ ತೀರ್ಪನ್ನು ಉಚ್ಚ ನ್ಯಾಯಾಲಯವು ದೃಢೀಕರಿಸಬೇಕಿತ್ತು. ಬೆಳಗಾವಿ ಜಿಲ್ಲೆಯವರಿಗೆ 1956ರವರೆಗೆ ಅದು ಮುಂಬಯಿ, ರಾಜ್ಯ ಪುನರ್ವಿಂಗಡಣೆಯ ಬಳಿಕ ಬೆಂಗಳೂರು. ಗಿರಣಿಯ ಕೂಲಿಯಲ್ಲಿ ಬದುಕುವವರಿಗೆ ಅಂಥ ನ್ಯಾಯ ಎಷ್ಟು ದೂರವಿತ್ತೆಂಬುದನ್ನು ಊಹಿಸಬಹುದು.

ಎರಡನೆಯದು 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆ. ಇದರ ಪ್ರಕಾರ ಗುರುಗಳು ನೆರವೇರಿಸಿದ ವಿವಾಹಕ್ಕೆ ರಾಜ್ಯದ ಮಾನ್ಯತೆಯುಂಟು. ಅದರ ವಿವರವನ್ನು ಸರ್ಕಾರದ ನೋಂದಣಾಧಿಕಾರಿಗೆ ಕಳುಹಿಸಬೇಕು. ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ವಿವಾಹದ ದಿನ ಧರ್ಮಕೇಂದ್ರವು ರಾಜ್ಯದ ಕೈ ಹಿಡಿದೇ ಕೆಲಸ ಮಾಡುತ್ತದೆ. ದಾಖಲೆಪುಸ್ತಕಕ್ಕೆ ಸಹಿ ಹಾಕುವ ಗುರುಗಳು ಸಂಸ್ಕಾರದ ಸೇವಕರೂ ಹೌದು, ನಾಡಿನ ವ್ಯವಸ್ಥೆಯ ಒಂದು ಅಂಗವೂ ಹೌದು. ಆದರೆ ಆ ಸಂಸಾರ ಮುರಿದ ದಿನ ನಾವು ಆ ಕೈಯನ್ನು ಬಿಟ್ಟುಬಿಡುತ್ತೇವೆ.

ಸ್ವತಂತ್ರ ಭಾರತದಲ್ಲಿ ಕುಟುಂಬ ವ್ಯಾಜ್ಯವನ್ನು ಆಸ್ತಿ ವ್ಯಾಜ್ಯದಂತೆ ನಡೆಸಲಾಗದೆಂಬ ಅರಿವು ಮೆಲ್ಲನೆ ಮೂಡಿತು. 1974ರಲ್ಲಿ ಕಾನೂನು ಆಯೋಗ ತನ್ನ 59ನೆಯ ವರದಿಯಲ್ಲಿ ಇದನ್ನು ಹೇಳಿತು. 1984ರಲ್ಲಿ ಕುಟುಂಬ ನ್ಯಾಯಾಲಯಗಳ ಕಾಯಿದೆ ಬಂದಿತು. ಸಮಾಜಸೇವಾ ಸಂಸ್ಥೆಗಳ ಸಹಯೋಗಕ್ಕೆ ಅದರ 5ನೆಯ ಕಲಮಿನಲ್ಲಿಯೂ ಆಪ್ತಸಮಾಲೋಚಕರ ನೇಮಕಕ್ಕೆ 6ನೆಯ ಕಲಮಿನಲ್ಲಿಯೂ ಅವಕಾಶವಿದೆ. 2001ರ ತಿದ್ದುಪಡಿಯು 1869ರ ಕಾಯಿದೆಯಲ್ಲಿದ್ದ ಸ್ತ್ರೀಪುರುಷ ತಾರತಮ್ಯವನ್ನೂ ಉಚ್ಚ ನ್ಯಾಯಾಲಯದ ದೃಢೀಕರಣದ ಕಟ್ಟಳೆಯನ್ನೂ ತೆಗೆದುಹಾಕಿತು. 2008ರಲ್ಲಿ ಧಾರವಾಡದಲ್ಲಿ ಉಚ್ಚ ನ್ಯಾಯಾಲಯದ ಪೀಠ ಆರಂಭವಾದ ಮೇಲೆ ಉತ್ತರ ಕರ್ನಾಟಕಕ್ಕೆ ನ್ಯಾಯ ಇನ್ನಷ್ಟು ಹತ್ತಿರವಾಯಿತು.

ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ 2005ರ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಾನೂನು, ಗೃಹ, ಆರೋಗ್ಯ ಮುಂತಾದ ಇಲಾಖೆಗಳ ಸೇವೆಗಳ ನಡುವೆ ಪರಿಣಾಮಕಾರಿ ಸಮನ್ವಯವಿರುವಂತೆ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯವೆಂದು ಅದರ 11ನೆಯ ಕಲಮು ವಿಧಿಸುತ್ತದೆ. ಹೀಗೆ ಸಹಕಾರವೇ ಇಲ್ಲಿ ಕಾನೂನಾಯಿತು. ಕರ್ನಾಟಕದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ಅವರು ಸಿದ್ಧಪಡಿಸುವ ವರದಿ ದಂಡಾಧಿಕಾರಿಯ ಮುಂದೆ ಬರುತ್ತದೆ. ಮಹಿಳೆಯರಿಗೆ, ಅವರ ಆದಾಯವೆಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಡಿ ಉಚಿತ ನೆರವು ಸಲ್ಲುತ್ತದೆ.

ಆದರೆ ಕಾನೂನು ಬರೆದ ಮಾತ್ರಕ್ಕೆ ಕೈಗಳು ಕೂಡುವುದಿಲ್ಲ. ಇದಕ್ಕೆ ಸಾಕ್ಷಿ ಕೊಣ್ಣೂರದ ಮಗ್ಗುಲಲ್ಲೇ ಇದೆ. ದೇವದಾಸಿ ಬಿಡುವ ಪದ್ಧತಿಯ ವಿರುದ್ಧ ಮುಂಬಯಿ ಪ್ರಾಂತ್ಯ 1934ರಲ್ಲಿಯೇ ಕಾನೂನು ಮಾಡಿತ್ತು. ಕರ್ನಾಟಕದ ಕಾಯಿದೆ 1982ರದು. ಆದರೂ ಸವದತ್ತಿಯ ಯಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಬಿಡುವುದು ನಿಲ್ಲಲಿಲ್ಲ. ಮನೆಯವರೇ ಮಾಡುವ ಈ ಅಪರಾಧವನ್ನು ಠಾಣೆಗೆ ತಿಳಿಸುವವರು ಯಾರು? 1990ರ ದಶಕದಲ್ಲಿ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮವೂ ಮೈರಾಡ ಸಂಸ್ಥೆಯೂ ಬೆಳಗಾವಿ ಜಿಲ್ಲೆಯಲ್ಲಿ ಕೂಡಿ ದುಡಿದವು. ಆ ದುಡಿಮೆಯ ಫಲವಾಗಿ 1997ರಲ್ಲಿ ಮಾಜಿ ದೇವದಾಸಿಯರದೇ ಆದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಘಟಪ್ರಭಾದಲ್ಲಿ ಹುಟ್ಟಿತು. ಅದನ್ನು ಮುನ್ನಡೆಸಿದ, ಬಾಲ್ಯದಲ್ಲಿಯೇ ದೇವದಾಸಿಯಾಗಿ ಬಿಡಲ್ಪಟ್ಟಿದ್ದ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಊರಿನ ಒಳಗುಟ್ಟನ್ನು ಬಲ್ಲ ಹೆಣ್ಣುಮಕ್ಕಳು ಮನೆಗೂ ಕಚೇರಿಗೂ ನಡುವೆ ನಿಂತಾಗ ಮಾತ್ರ ಕಾನೂನಿಗೆ ಕಾಲು ಬಂದಿತು. ಕಾನೂನು, ಹಣ, ಕಚೇರಿ ಇವೆಲ್ಲ ಮೊದಲೇ ಇದ್ದವು. ಇಲ್ಲದೆ ಇದ್ದುದು ನಡುವೆ ನಿಲ್ಲುವವರು.

ಈಗ ನಮ್ಮ ಮನೆಯನ್ನು ನೋಡಿಕೊಳ್ಳೋಣ. 2015ರಲ್ಲಿ ಜಗದ್ಗುರು ಫ್ರಾನ್ಸಿಸರು ವಿವಾಹ ಅನೂರ್ಜಿತತೆಯ ವಿಚಾರಣೆಯನ್ನು ಸರಳಗೊಳಿಸಿ, ಎರಡನೆಯ ನ್ಯಾಯಮಂಡಳಿಯ ಸಮ್ಮತಿ ಬೇಕೆಂಬ ಕಡ್ಡಾಯವನ್ನು ತೆಗೆದರು. ಇತ್ತ ಮಂಗಳೂರಿನ ವಕೀಲ ಕ್ಲಾರೆನ್ಸ್ ಪಾಯಸ್ ಅವರು ಧರ್ಮಸಭಾ ನ್ಯಾಯಮಂಡಳಿಯ ತೀರ್ಪಿಗೆ ರಾಜ್ಯದ ಮಾನ್ಯತೆ ಸಿಗಬೇಕೆಂದು ಕೋರಿದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ತಳ್ಳಿಹಾಕಿತು. ಆದುದರಿಂದ ನಮ್ಮ ತೀರ್ಪನ್ನು ಮಾತ್ರ ನಂಬಿ ಮರುಮದುವೆಯಾದವರು ದ್ವಿಪತ್ನಿತ್ವದ ಆರೋಪಕ್ಕೆ ಗುರಿಯಾಗಬಹುದು. ಈ ನಿರ್ಣಯವನ್ನು ಧರ್ಮಸಭೆಗಾದ ಸೋಲೆಂದು ಕೆಲವರು ದುಃಖಿಸಿದರು. ನಮಗೆ ಹಾಗೆ ತೋರುವುದಿಲ್ಲ. ವಿವಾಹದ ಕೇವಲ ನಾಗರಿಕ ಪರಿಣಾಮಗಳು ರಾಜ್ಯಕ್ಕೆ ಸೇರಿದವೆಂದು ನಮ್ಮ ಸಂಹಿತೆಯೇ ಒಪ್ಪುತ್ತದೆ. ತೀರ್ಪಿನಲ್ಲಿ ಪಕ್ಷಗಾರರಿಗೆ ಪರಸ್ಪರರ ಬಗೆಗೂ ಮಕ್ಕಳ ಬಗೆಗೂ ಇರುವ ನೈತಿಕ ಮತ್ತು ನಾಗರಿಕ ಹೊಣೆಗಳನ್ನು ನೆನಪಿಸಬೇಕೆಂದು 1691ನೆಯ ನಿಯಮ ಹೇಳುತ್ತದೆ. ಆ ತಾಯಿಯ ನಾಲ್ಕನೆಯ ಕಾಗದದಲ್ಲಿ ಈ ನೆನಪು ಒಂದು ಸಾಲಾಗಿ ಇತ್ತೋ ಏನೋ. ಅದು ಅವರ ಕಿವಿಗಂತೂ ಬಿದ್ದಿರಲಿಲ್ಲ.

ಇದರಿಂದ ನಾವು ಕಲಿಯಬೇಕಾದುದೇನು? ಗುರುಗಳು ಇನ್ನೊಂದು ನ್ಯಾಯಪೀಠವನ್ನು ಹೂಡಬೇಕಾಗಿಲ್ಲ, ನಡುವೆ ನಿಲ್ಲಬೇಕು. ತಾಲೂಕಿನ ಸಂರಕ್ಷಣಾಧಿಕಾರಿಗಳು, ಕಾನೂನು ಸೇವಾ ಸಮಿತಿ, ಸಾಂತ್ವನ ಕೇಂದ್ರ ಇವು ಎಲ್ಲಿವೆ, ಅಲ್ಲಿ ಯಾರಿದ್ದಾರೆ ಎಂಬುದನ್ನು ಧರ್ಮಕೇಂದ್ರಕ್ಕೆ ಬಂದ ಮೊದಲ ತಿಂಗಳಲ್ಲೇ ಅರಿತಿರಬೇಕು. ನೊಂದವರ ಒಪ್ಪಿಗೆ ಪಡೆದು ಅವರ ಕಥೆಯನ್ನು ಒಮ್ಮೆ ಬರೆದುಕೊಟ್ಟರೆ ಅವರು ಅದನ್ನು ನಾಲ್ಕು ಸಲ ಅತ್ತು ಹೇಳುವುದು ತಪ್ಪುತ್ತದೆ. ನಮ್ಮ ನ್ಯಾಯಮಂಡಳಿಯ ತೀರ್ಪು ಕೈಗಿಡುವ ದಿನವೇ ನಾಗರಿಕ ವಿಚ್ಛೇದನ, ಜೀವನಾಂಶ, ಮಗುವಿನ ಪಾಲನೆ ಈ ಮೂರನ್ನೂ ಬಾಯಿಮಾತಿನಲ್ಲಿ ಕೇಳಿ ತಿಳಿಯಬೇಕು.

ಸಹಕಾರಕ್ಕೆ ಎಲ್ಲೆಯೂ ಉಂಟು. ಪಾಪನಿವೇದನೆಯ ಗುಟ್ಟು ಯಾವ ಕಚೇರಿಗೂ ಹೋಗತಕ್ಕದ್ದಲ್ಲ. ಇನ್ನೊಂದು ಎಲ್ಲೆಯನ್ನು ನಾವು ಹೆಚ್ಚಾಗಿ ಮೀರುತ್ತೇವೆ: ಹೊಡೆತ ತಿಂದು ಬಂದವರಿಗೆ ಮೊದಲು ಹೊಂದಾಣಿಕೆಯನ್ನು ಬೋಧಿಸುತ್ತೇವೆ. ಸಂಗಾತಿಯಿಂದ ತನಗೋ ಮಕ್ಕಳಿಗೋ ಗಂಭೀರ ಅಪಾಯವಿದ್ದರೆ ಅಗಲಿ ಬಾಳಲು ನ್ಯಾಯವಾದ ಕಾರಣವಿದೆಯೆಂದು 1153ನೆಯ ನಿಯಮ ಹೇಳಿರುವಾಗ, ಅದಕ್ಕಿಂತ ಕಠಿಣರಾಗುವ ಅಧಿಕಾರ ನಮಗಿಲ್ಲ. ಮೊದಲು ರಕ್ಷಣೆ, ಆಮೇಲೆ ಸಂಧಾನ.

ಆ ತಾಯಿಯೊಡನೆ ನಾವು ಮಾಡಿದ್ದು ಅಲ್ಪ. ನಾಲ್ಕು ಕಾಗದಗಳನ್ನು ಒಂದು ಕಡತದಲ್ಲಿಟ್ಟು ಅವರ ಜೊತೆ ಕಾನೂನು ಸೇವಾ ಸಮಿತಿಯವರೆಗೆ ಹೋದೆವು. ಜೀವನಾಂಶದ ಅರ್ಜಿಯನ್ನು ಬರೆದುಕೊಂಡವರು ಅಲ್ಲಿಯ ವಕೀಲರು. ಹೊರಗೆ ಬರುವಾಗ ಆ ತಾಯಿ, "ಇಷ್ಟು ದಿನಾ ಯಾರೂ ಸಂಗಾಟ ಬಂದಿದ್ದಿಲ್ಲರಿ, ಫಾದರ್" ಎಂದರು. ಏಳು ಜನ ಸೇವಕರನ್ನು ಆರಿಸಿದ ಧರ್ಮಸಭೆಯ ಮಕ್ಕಳು ನಾವು. ಆ ಮಾತು ನಮಗೆ ಮೆಚ್ಚುಗೆಯಾಗಿ ಕೇಳಿಸಲಿಲ್ಲ.